ಕೊಪ್ಪಳ ಜಿಲ್ಲೆಯಲ್ಲಿ ಉನ್ನತ ಗಣಿತ ಮತ್ತು ಗಣಕ ಶಿಕ್ಷಣ

ಕೊಪ್ಪಳ ಜಿಲ್ಲೆಯು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳೊಂದಿಗೆ 1997ರಲ್ಲಿ ರಾಯಚೂರಿನಿಂದ ಪ್ರತ್ಯೇಕವಾಯಿತು. ಇಲ್ಲಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತವನ್ನು ಪ್ರಧಾನವಾಗಿ ಕನ್ನಡದಲ್ಲಿ ಬೋಧಿಸಲಾಗುತ್ತದೆ. ಹತ್ತನೆಯ ತರಗತಿಯ ಪಠ್ಯದಲ್ಲಿ ವರ್ಗ ಸಮೀಕರಣ, ತ್ರಿಕೋನಮಿತಿ ಹಾಗೂ ಸಂಭವನೀಯತೆಗಳಿವೆ.

ಕಲನಶಾಸ್ತ್ರವು ಪದವಿಪೂರ್ವ ಹಂತದಲ್ಲಿ ಆರಂಭವಾಗುತ್ತದೆ. ಅಲ್ಲಿ ವಿಜ್ಞಾನ ವಿಭಾಗದ ಬೋಧನೆಯು ಇಂಗ್ಲಿಷಿನಲ್ಲಿ ನಡೆಯುವುದರಿಂದ, ‘ವಿಕರ್ಣ’ವನ್ನು ಬಲ್ಲ ವಿದ್ಯಾರ್ಥಿಯು ‘ಹೈಪಾಟಿನ್ಯೂಸ್’ ಎಂಬ ಹೆಸರನ್ನೂ ಕಲನದ ಹೊಸ ಪರಿಕಲ್ಪನೆಗಳನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಕುಕನೂರಿನಲ್ಲಿರುವ ಜವಾಹರ ನವೋದಯ ವಿದ್ಯಾಲಯದ ಕ್ರಮ ಭಿನ್ನವಾದುದು. ನವೋದಯ ಪದ್ಧತಿಯಲ್ಲಿ ಗಣಿತ ಮತ್ತು ವಿಜ್ಞಾನಗಳ ಬೋಧನೆಯು ಒಂಬತ್ತನೆಯ ತರಗತಿಯಿಂದಲೇ ಇಂಗ್ಲಿಷಿನಲ್ಲಿರುತ್ತದೆ. ಕಲನಕ್ಕೆ ಮುನ್ನ ಭಾಷೆಯ ಅಭ್ಯಾಸಕ್ಕೆ ಎರಡು ವರ್ಷ ದೊರೆಯುತ್ತದೆ.

ಪೈಥಾನ್ ಮೊದಲಾದ ಪ್ರೋಗ್ರಾಮಿಂಗ್ ಭಾಷೆಗಳ ‘ಇಫ್’, ‘ವೈಲ್’ ಮುಂತಾದ ಆದೇಶಪದಗಳು ಇಂಗ್ಲಿಷಿನವಾದುದರಿಂದ ಗಣಕ ಶಿಕ್ಷಣದಲ್ಲಿಯೂ ಇದೇ ತೊಡಕಿದೆ.