ಒಂದು ಕಿರುಗೆರೆಯ ಮಹಿಮೆ

ಕೆಲಸಕ್ಕೆ ಅರ್ಜಿ ಹಾಕಿದ ತರುಣನೊಬ್ಬನನ್ನು ಅವನ ಶಿಫಾರಸು ಪತ್ರ ‘ಮ್ಯಾಟರ್-ಆಫ್-ಫ್ಯಾಕ್ಟ್’ ಮನುಷ್ಯನೆಂದು ಬಣ್ಣಿಸಿದೆಯೆನ್ನಿ. ‘ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ ಎಂದರೆ ‘ವಾಸ್ತವವಾಗಿ’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು, ಹುಡುಗ ಸತ್ಯಸಂಧನೆಂದು ತಿಳಿದು ಹಿಗ್ಗುವುದು ಸಹಜ. ಪತ್ರ ಹೇಳುವುದೇ ಬೇರೆ. ಈತ ಭಾವಾವೇಶವಿಲ್ಲದವನು, ಇದ್ದುದನ್ನು ಇದ್ದಂತೆ ಹೇಳಿ ಮುಗಿಸುವವನು. ಲೆಕ್ಕಪತ್ರದ ಕಚೇರಿಗೆ ಇದು ಹೊಗಳಿಕೆ. ರೋಗಿಗಳನ್ನು ಸಂತೈಸಬೇಕಾದ ಹುದ್ದೆಗೆ ಅಷ್ಟೇನೂ ಅಲ್ಲ. ಪದಗಳು ಅವೇ ಮೂರು. ಅರ್ಥ ಬದಲಾಗಿದೆಯೆಂದು ಸಾರುವವು ಅವುಗಳ ನಡುವೆ ಕುಳಿತ ಎರಡು ಕಿರುಗೆರೆಗಳು.

ಈ ನುಡಿಗಟ್ಟಿಗೆ ನ್ಯಾಯಾಲಯದ ನಂಟುಂಟು. ಜ್ಯೂರಿಗಳಿರುವ ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ಕಾನೂನಿನ ಪ್ರಶ್ನೆಯನ್ನು ನ್ಯಾಯಾಧೀಶರೂ ನಡೆದ ಸಂಗತಿಯ ಪ್ರಶ್ನೆಯನ್ನು ಜ್ಯೂರಿಗಳೂ ತೀರ್ಮಾನಿಸುತ್ತಾರೆ. ಈ ಎರಡನೆಯದೇ ‘ಮ್ಯಾಟರ್ ಆಫ್ ಫ್ಯಾಕ್ಟ್’. ಕ್ರಮೇಣ ಅದು ನ್ಯಾಯಾಲಯದ ಮೆಟ್ಟಿಲಿಳಿದು ಮನೆಮಾತಾಯಿತು. ಬಿಡಿಬಿಡಿಯಾಗಿ ನಿಂತಾಗ ಅದು ಒಂದು ಸಂಗತಿಯ ಹೆಸರು. ಕಿರುಗೆರೆಗಳಿಂದ ಬೆಸೆದಾಗ ಮನುಷ್ಯನ ಸ್ವಭಾವವನ್ನೋ ದನಿಯನ್ನೋ ಬಣ್ಣಿಸುವ ವಿಶೇಷಣ.

ಈ ಕಿರುಗೆರೆಯ ಹೆಸರಾದ ‘ಹೈಫನ್’ ಗ್ರೀಕ್ ಮೂಲದ ಮಾತು. ‘ಒಂದರ ಅಡಿಯಲ್ಲಿ’, ಅಂದರೆ ‘ಒಟ್ಟಾಗಿ’ ಎಂದು ಅದರ ಅರ್ಥ. ಗ್ರೀಕ್ ಲಿಪಿಕಾರರು ಒಂದಾಗಿ ಓದಬೇಕಾದ ಪದಗಳ ಕೆಳಗೆ ಬಾಗಿದ ಗೆರೆಯೊಂದನ್ನು ಎಳೆಯುತ್ತಿದ್ದರು. ಇಂದು ಗೆರೆ ಪದಗಳ ನಡುವೆ ಬಂದಿದೆ. ಕೆಲಸ ಮಾತ್ರ ಅದೇ.

ಆ ಕೆಲಸ ಕೆಟ್ಟರೆ ಆಗುವ ಅನಾಹುತ ಸಣ್ಣದಲ್ಲ. ‘ಮ್ಯಾನ್-ಈಟಿಂಗ್ ಟೈಗರ್’ ನರಭಕ್ಷಕ ಹುಲಿ. ಗೆರೆ ಅಳಿಸಿದರೆ ಹುಲಿಯನ್ನೇ ತಿನ್ನುತ್ತಿರುವ ಮನುಷ್ಯನೂ ಆದಾನು! ‘ರೀ-ಸೈನ್’ ಎಂದರೆ ಮತ್ತೊಮ್ಮೆ ಸಹಿ ಹಾಕುವುದು. ಅವೇ ಅಕ್ಷರಗಳನ್ನು ಗೆರೆಯಿಲ್ಲದೆ ಬರೆದರೆ ರಾಜೀನಾಮೆ ಕೊಡುವುದು. ಕರಾರನ್ನು ಮುಂದುವರಿಸಬೇಕೆಂದವನು ಕೆಲಸವನ್ನೇ ಬಿಟ್ಟಂತಾಯಿತು.

ಹಾಗೆಂದು ಕಂಡಕಂಡಲ್ಲಿ ಗೆರೆ ಎಳೆಯುವುದೂ ಸಲ್ಲದು. ಕವಿಯನ್ನು ‘ವೆಲ್-ನೋನ್ ಪೊಯೆಟ್’ ಎನ್ನುವಾಗ, ವಿಶೇಷಣ ನಾಮಪದಕ್ಕಿಂತ ಮುಂಚೆ ಬರುವುದರಿಂದ, ಗೆರೆ ಬೇಕು. ‘ದಿ ಪೊಯೆಟ್ ಈಸ್ ವೆಲ್ ನೋನ್’ ಎನ್ನುವಾಗ ಸಾಮಾನ್ಯವಾಗಿ ಬೇಡ. 2007ರಲ್ಲಿ ಹೊರಬಂದ ‘ಷಾರ್ಟರ್ ಆಕ್ಸ್‌ಫರ್ಡ್’ ನಿಘಂಟಿನ ಪರಿಷ್ಕೃತ ಆವೃತ್ತಿಯಂತೂ ಸುಮಾರು 16,000 ಪದಗಳ ಹೈಫನ್ನನ್ನು ಕೈಬಿಟ್ಟಿತು. ‘ಐಸ್ ಕ್ರೀಮ್’ ಎರಡು ಪದವಾಯಿತು, ‘ಬಂಬಲ್‌ಬೀ’ ಒಂದೇ ಪದವಾಯಿತು. ಆದರೆ ಅರ್ಥಕ್ಕೆ ಆಸರೆಯಾದೆಡೆ ಗೆರೆ ಉಳಿಯಲೇಬೇಕು.

ಸಮಾಸದ ಸೊಗಸನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಹೊಸದೇನಲ್ಲ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ತ್ವಷ್ಟೃ ಹೋಮ ಮಾಡಿದ ಕಥೆ ಪ್ರಸಿದ್ಧವಾದುದು. ‘ಇಂದ್ರಶತ್ರು’ ಎಂಬ ಪದವನ್ನು ಉಚ್ಚರಿಸುವಾಗ ಸ್ವರ ತಪ್ಪಿತು. ‘ಇಂದ್ರನನ್ನು ಕೊಲ್ಲುವವನು’ ಎಂಬ ತತ್ಪುರುಷವಾಗಬೇಕಾದುದು ‘ಇಂದ್ರನೇ ಯಾರನ್ನು ಕೊಲ್ಲುವನೋ ಅವನು’ ಎಂಬ ಬಹುವ್ರೀಹಿಯಾಯಿತು. ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲೇ ಮಡಿದ. ಅಲ್ಲಿ ಸ್ವರ ನಿರ್ಣಯಿಸಿದ ಪದಗಳ ನಂಟನ್ನು ಇಂಗ್ಲಿಷ್ ಬರಹದಲ್ಲಿ ಕಿರುಗೆರೆ ನಿರ್ಣಯಿಸುತ್ತದೆ. ಇಂಗ್ಲಿಷ್ ಪತ್ರವೊಂದಕ್ಕೆ ರುಜು ಹಾಕುವ ಮುನ್ನ ಅದರ ಕಿರುಗೆರೆಗಳ ಮೇಲೂ ಒಮ್ಮೆ ಕಣ್ಣಾಡಿಸುವುದು ಲೇಸು.