ಆಳಿನ ಭಕ್ತಿ, ಮಗನ ಭಕ್ತಿ

'ಹೊರಗೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ಡಾಂಭಿಕರ ವಿಷಯದಲ್ಲಿ ಹೇಳುವುದುಂಟು. ಆದರೆ ಡಂಭವಿಲ್ಲದೆ, ನಿಜವಾಗಿಯೂ ಸದಾಚಾರದಲ್ಲಿ ನಡೆಯುವವನ ಅಂತರಂಗವೂ ಬರಿದಾಗಿರಬಹುದೇ? ಈ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಂಡ ಕ್ರೈಸ್ತ ಸತ್ಪುರುಷನೊಬ್ಬನ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಜಾನ್ ವೆಸ್ಲಿಯು 1703ರಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಈತನ ಅನುಯಾಯಿಗಳು ಮೈಸೂರು ಸೀಮೆಯಲ್ಲಿ ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದ್ದರಿಂದ ಈ ಹೆಸರು ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾಗಿದ್ದಾಗ, ತಮ್ಮನಾದ ಚಾರ್ಲ್ಸನೇ ಮೊದಲಾದ ಮಿತ್ರರೊಡನೆ ಕಠಿನ ನಿಯಮಗಳನ್ನು ಕೈಕೊಂಡನು. ಬುಧವಾರ ಶುಕ್ರವಾರಗಳಲ್ಲಿ ಉಪವಾಸ, ಸೆರೆಮನೆಯ ಕೈದಿಗಳ ಸಂದರ್ಶನ, ಬಡವರಿಗೆ ದಾನ, ನಿಯತಕಾಲದಲ್ಲಿ ಪ್ರಾರ್ಥನೆ. ನೋಡಿದವರು 'ಪವಿತ್ರ ಸಂಘ'ವೆಂದು ಹಾಸ್ಯಮಾಡಿದರು. ಆದರೂ ಇದರಲ್ಲಿ ಕಪಟವು ಲೇಶವೂ ಇರಲಿಲ್ಲ.

1735ರಲ್ಲಿ ವೆಸ್ಲಿಯು ಧರ್ಮಬೋಧೆಗಾಗಿ ಅಮೆರಿಕದ ಜಾರ್ಜಿಯಾಕ್ಕೆ ಹಡಗನ್ನೇರಿದನು. 1736ರ ಜನವರಿ 25ರಂದು ಬಿರುಗಾಳಿಯೆದ್ದು, ದೊಡ್ಡ ಹಾಯಿ ಹರಿದು, ಸಮುದ್ರದ ನೀರು ಹಡಗಿನೊಳಕ್ಕೆ ನುಗ್ಗಿತು. ಇಂಗ್ಲಿಷರು ಚೀರಿಕೊಂಡರು. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಥದ ಜರ್ಮನರು ಮಾತ್ರ ಕೀರ್ತನೆಯನ್ನು ನಿಲ್ಲಿಸದೆ ಹಾಡುತ್ತಿದ್ದರು. ನಿಮಗೆ ಭಯವಾಗಲಿಲ್ಲವೇ ಎಂದು ವೆಸ್ಲಿಯು ಬಳಿಕ ವಿಚಾರಿಸಲು, ತಮ್ಮ ಹೆಂಗಸರು ಮಕ್ಕಳಿಗೂ ಸಾವಿನ ಭಯವಿಲ್ಲವೆಂಬ ಉತ್ತರ ಬಂದಿತು. ಇಷ್ಟು ವ್ರತನಿಯಮಗಳ ಮೇಲೂ ತನಗೆ ಸಾವಿನ ಭಯವಿದೆಯೆಂಬುದು ಆತನಿಗೆ ತಿಳಿದುಹೋಗಿತ್ತು.

ಜಾರ್ಜಿಯಾದ ಕಾರ್ಯವು ಕೈಗೂಡದೆ 1738ರಲ್ಲಿ ಹಿಂದಿರುಗಿದಾಗ, ಪರರನ್ನು ತಿದ್ದಹೊರಟ ತನ್ನನ್ನು ತಿದ್ದುವವರಾರೆಂದು ಆತನು ಕಳವಳಪಟ್ಟನು. ಆ ವರ್ಷದ ಮೇ 24ರ ಸಾಯಂಕಾಲ ಮನಸ್ಸಿಲ್ಲದ ಮನಸ್ಸಿನಿಂದ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಪ್ರಾರ್ಥನಾಗೋಷ್ಠಿಗೆ ಹೋದನು. ಅಲ್ಲಿ ರೋಮನರಿಗೆ ಬರೆದ ಪತ್ರಿಕೆಗೆ ಲೂಥರನು ಬರೆದ ಪೀಠಿಕೆಯನ್ನು ಓದುತ್ತಿದ್ದರು. ಕೇಳುತ್ತ ಕೇಳುತ್ತ ಆತನ ಹೃದಯವು ಕರಗಿತು. ಭಗವಂತನು ತನ್ನನ್ನು ಕ್ಷಮಿಸಿರುವನೆಂಬ ಭರವಸೆಯು ಹುಟ್ಟಿತು.

ಆತನು ಸತ್ಕರ್ಮಗಳನ್ನು ಬಿಟ್ಟನೇ? ಇಲ್ಲ. ಮರುವರ್ಷವೇ ಬ್ರಿಸ್ಟಲಿನ ಸಮೀಪದಲ್ಲಿ ಕಲ್ಲಿದ್ದಲು ಗಣಿಯ ಕೂಲಿಕಾರರಿಗೆ ಬಯಲಿನಲ್ಲಿ ನಿಂತು ಬೋಧಿಸಿದನು. 1791ರಲ್ಲಿ ಮೃತನಾಗುವವರೆಗೂ ದುಡಿದನು. ಮೊದಲು ಲೆಕ್ಕ ಒಪ್ಪಿಸುವುದಕ್ಕಾಗಿ ಮಾಡುತ್ತಿದ್ದುದನ್ನು ಈಗ ಪ್ರೀತಿಯಿಂದ ಮಾಡಿದನು, ಇಷ್ಟೇ ಭೇದ. ಲೂಕನ ಸುವಾರ್ತೆಯಲ್ಲಿ ತನ್ನ ಉಪವಾಸಗಳನ್ನು ದೇವರೆದುರಿಗೆ ಎಣಿಸಿದ ಫರಿಸಾಯನಿಗಿಂತ, ತಲೆತಗ್ಗಿಸಿ ಎದೆಬಡಿದುಕೊಂಡ ಸುಂಕದವನು ದೇವರಿಗೆ ಒಪ್ಪಿತನಾದುದರ ಮರ್ಮವೂ ಇದೇ. ನಮ್ಮ ಗೀತೆಯೂ ಕರ್ಮೇಂದ್ರಿಯಗಳನ್ನು ಬಿಗಿಹಿಡಿದು ಮನಸ್ಸಿನಲ್ಲಿ ವಿಷಯಗಳನ್ನು ಚಿಂತಿಸುವವನನ್ನು ಮಿಥ್ಯಾಚಾರನೆಂದು ಕರೆದಿದೆ.

ನಾವು ನಿವೃತ್ತರಾದ ದಿನ ಸಭೆಯಲ್ಲಿ, ಒಂದು ದಿನವೂ ತಡವಾಗಿ ಬಾರದವರು, ಯಾವ ಹುಡುಗನ ಮೇಲೂ ಕೈಯೆತ್ತದವರು ಎಂದು ನಮ್ಮನ್ನು ಹೊಗಳಿದರು. ಮಾತು ನಿಜವೇ. ಆದರೆ ಪಾಠವು ತಲೆಗೆ ಹತ್ತದ ಹುಡುಗನೊಬ್ಬನಿಗೆ ನಗುಮುಖದಿಂದ ಉತ್ತರ ಹೇಳುತ್ತಲೇ ಒಳಗೊಳಗೆ ತಿರಸ್ಕರಿಸುತ್ತಿದ್ದುದು ನಮಗೆ ನೆನಪಾಯಿತು. ಅದು ಅವನಿಗೂ ತಿಳಿದಿತ್ತೆಂದು ತೋರುತ್ತದೆ. ಕ್ರಮೇಣ ಅವನು ಪ್ರಶ್ನೆ ಕೇಳುವುದನ್ನೇ ಬಿಟ್ಟುಬಿಟ್ಟನು. ಅಂದು ಹಾಕಿದ ಹಾರವು ನಮಗೆ ಭಾರವಾಯಿತು.

ಮನೆಯ ವೃದ್ಧರಿಗೆ ಹೊತ್ತಿಗೆ ಸರಿಯಾಗಿ ಊಟವಿಕ್ಕಿ, ಅವರ ಬಳಿ ಎರಡು ಗಳಿಗೆ ಕುಳಿತುಕೊಳ್ಳಲು ಮನಸ್ಸಿಲ್ಲದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಹಾಗೆಂದು ಊಟವಿಕ್ಕುವುದನ್ನು ನಿಲ್ಲಿಸಬೇಕಾದುದಿಲ್ಲ. ವೆಸ್ಲಿಯೂ ವಯಸ್ಸಾದ ಮೇಲೆ ತನ್ನ ಹಿಂದಿನ ದಿನಗಳನ್ನು ಕುರಿತು ಮೃದುವಾಗಿ ತೀರ್ಮಾನಿಸಿ, ಆಗ ತನ್ನಲ್ಲಿದ್ದುದು ಆಳಿನ ಭಕ್ತಿ, ಮಗನ ಭಕ್ತಿಯಲ್ಲ ಎಂದನು. ಆಳಿನ ಭಕ್ತಿಯೂ ಭಕ್ತಿಯೇ. ಊಟವಿಕ್ಕಿದ ಕೈಯನ್ನು ತೊಳೆದುಕೊಂಡು ಬಂದು ಆ ವೃದ್ಧರ ಬಳಿ ಸ್ವಲ್ಪ ಹೊತ್ತು ಕುಳಿತರೆ, ಮಗನ ಭಕ್ತಿಯು ಅಲ್ಲಿಂದಲೇ ಮೊದಲಾಗಬಹುದು.