ಬಾಂಬೆ ಹೈ: ಎಣ್ಣೆ ಸಿಕ್ಕಿತು, ವಿದ್ಯೆ?

ಹಳೆಯ ಪೆಟ್ಟಿಗೆಯಲ್ಲಿ 1980ರ ದಶಕದ ಒಂದು ರೂಪಾಯಿ ನೋಟು ಉಳಿದಿದ್ದರೆ ತಿರುಗಿಸಿ ನೋಡಿ. ಕನ್ನಡವೂ ಸೇರಿ ನಮ್ಮ ಭಾಷೆಗಳಲ್ಲಿ ಅದರ ಬೆಲೆ ಅಚ್ಚಾಗಿರುವ ಮಗ್ಗುಲಲ್ಲೇ, ಸಮುದ್ರದಲ್ಲಿ ಕಾಲೂರಿ ನಿಂತ ರಿಗ್ ಒಂದಿದೆ. ಅದೇ ‘ಸಾಗರ್ ಸಮ್ರಾಟ್’. 1974ರಲ್ಲಿ ಮುಂಬಯಿಯಿಂದ ಸುಮಾರು 160 ಕಿ.ಮೀ. ದೂರದ ಕಡಲಲ್ಲಿ ಅದು ಕೊರೆದ ಬಾವಿಯಲ್ಲಿ ಎಣ್ಣೆ ಕಂಡಿತು. 1976ರ ಮೇ 21ರಂದು ‘ಬಾಂಬೆ ಹೈ’ ಎಂಬ ಆ ತೈಲಕ್ಷೇತ್ರ ಉತ್ಪಾದನೆ ಶುರುಮಾಡಿತು. ಆ ರಿಗ್ ಕಟ್ಟಿದ್ದು ಜಪಾನಿನವರು. ಅದಕ್ಕೂ ಮೊದಲು ಕಡಲತಳವನ್ನು ಶೋಧಿಸಲು ಹಡಗು ತಂದವರು ಸೋವಿಯತ್ ತಜ್ಞರು.

ಬಾಂಬೆ ಹೈ ಇರುವುದು ನಡುಗಡಲಲ್ಲಾದರೂ ಅದರ ಸಂಸಾರವೆಲ್ಲ ಮುಂಬಯಿ ಬಂದರಿನ ಪೂರ್ವ ದಡದಲ್ಲೇ. ಎಣ್ಣೆ, ಅನಿಲದ ಕೊಳವೆಗಳು ಬಂದು ಸೇರುವುದು ಉರಣ್ ಸ್ಥಾವರಕ್ಕೆ. ಪ್ಲಾಟ್‌ಫಾರ್ಮುಗಳಿಗೆ ಸಾಮಾನು ಹೊತ್ತ ಹಡಗುಗಳು ಹೊರಡುವುದು ನ್ಹಾವಾ ಬೇಸ್‌ನಿಂದ. ಕಡಲ ಕಟ್ಟೋಣಗಳ ವಿನ್ಯಾಸಕ್ಕೆಂದೇ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿ 1983ರಲ್ಲಿ ತೆರೆದ ಸಂಶೋಧನಾ ಸಂಸ್ಥೆ ಐಇಒಟಿ ಇರುವುದು ಪನ್ವೇಲ್‌ನಲ್ಲಿ. ಹದಿನಾಲ್ಕು ದಿನ ಡ್ಯೂಟಿ, ಹದಿನಾಲ್ಕು ದಿನ ರಜೆ ಎಂಬುದು ಇಲ್ಲಿನ ನೌಕರರ ಲೆಕ್ಕ. ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳ ಹೌಸಿಂಗ್ ಸೊಸೈಟಿಗಳಲ್ಲಿ ‘ಅವರು ಆಫ್‌ಶೋರ್‌ನಲ್ಲಿದ್ದಾರೆ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಬಾಂಬೆ ಹೈಯಲ್ಲಿ ಕಡಲಿನ ಆಳ ಸುಮಾರು 75 ಮೀಟರ್. ತಳದಲ್ಲಿ ಮಲಗಿಸಿದ ಉಕ್ಕಿನ ಕೊಳವೆ ತೇಲದಿರಲೆಂದು ಮೈಗೆ ಕಾಂಕ್ರೀಟ್ ಹೊದಿಸುತ್ತಾರೆ. ತುಕ್ಕಿನಿಂದ ಕಾಯಲು ಅಲ್ಲಲ್ಲಿ ಸತು ಇಲ್ಲವೇ ಅಲ್ಯುಮಿನಿಯಂ ಬಳೆ ತೊಡಿಸುತ್ತಾರೆ. ಉಪ್ಪುನೀರು ಮೊದಲು ಆ ಬಳೆಯನ್ನು ತಿನ್ನುತ್ತದೆ, ಉಕ್ಕು ಉಳಿಯುತ್ತದೆ. ಕೊಳವೆಯೊಳಗೆ ಮೇಣ ಕಟ್ಟಿದರೆ ‘ಪಿಗ್’ ಎಂಬ ಸಾಧನವನ್ನು ಎಣ್ಣೆಯ ಒತ್ತಡದಲ್ಲೇ ಓಡಿಸಿ ಕೆರೆಯುತ್ತಾರೆ. ರಿಪೇರಿಗೆ ಇಳಿಯುವ ಡೈವರುಗಳು ಹಡಗಿನ ಮೇಲಿನ ಉಕ್ಕಿನ ಕೋಣೆಯಲ್ಲಿ, ಕಡಲತಳದಷ್ಟೇ ಒತ್ತಡದಲ್ಲಿ, ದಿನಗಟ್ಟಲೆ ಬದುಕುತ್ತಾರೆ. ಉಸಿರಾಡುವುದು ಹೀಲಿಯಂ ಬೆರೆತ ಗಾಳಿ, ಮಾತು ಕೀಚಲಾಗುತ್ತದೆ. ಕೆಲಸ ಮುಗಿದ ಮೇಲೂ ಒತ್ತಡ ಮೆಲ್ಲಮೆಲ್ಲನೆ ಇಳಿಯಲು ದಿನಗಳು ಬೇಕು. ಅವಸರ ಮಾಡಿದರೆ ಪ್ರಾಣಕ್ಕೇ ಸಂಚಕಾರ.

ಈ ಕೆಲಸದ ಅಪಾಯ ಎಂಥದ್ದೆಂದು 2005ರ ಜುಲೈ 27 ತೋರಿಸಿಕೊಟ್ಟಿತು. ಗಾಯಗೊಂಡಿದ್ದ ಅಡುಗೆಯವನನ್ನು ದಾಟಿಸಲು ಬಂದ ‘ಸಮುದ್ರ ಸುರಕ್ಷಾ’ ಹಡಗು ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮಿನ ಅನಿಲ ಕೊಳವೆಗೆ ಬಡಿಯಿತು. ಬೆಂಕಿಗೆ ಪ್ಲಾಟ್‌ಫಾರ್ಮ್ ಆಹುತಿಯಾಯಿತು, 22 ಮಂದಿ ಸತ್ತರು. ಹಡಗು ಉರಿಯುತ್ತಿದ್ದಾಗ ಒತ್ತಡದ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದ ಆರು ಡೈವರುಗಳನ್ನು ಆಮೇಲೆ ಜೀವಸಹಿತ ಹೊರತರಲಾಯಿತು.

ಇಷ್ಟೆಲ್ಲ ಬೆಲೆ ತೆತ್ತ ನಾವು ಕಲಿತದ್ದನ್ನು ಜಗತ್ತಿಗೆ ಮಾರಿದೆವೇ? ಹೋಲಿಕೆಗೆ ನಾರ್ವೆ ಇದೆ. ಅದರ ಜನಸಂಖ್ಯೆ ನಮ್ಮ ಥಾಣೆ ಜಿಲ್ಲೆಯದಕ್ಕಿಂತ ಕಡಿಮೆ. 1969ರಲ್ಲಿ ಎಕೋಫಿಸ್ಕ್‌ನಲ್ಲಿ ಎಣ್ಣೆ ಸಿಕ್ಕಾಗ ಅವರೂ ಹೊರಗಿನ ಕಂಪನಿಗಳನ್ನೇ ನಂಬಿದ್ದರು. 1972ರಲ್ಲಿ ಸರ್ಕಾರಿ ಕಂಪನಿ ಸ್ಟಾಟ್‌ಆಯಿಲ್ ಕಟ್ಟಿದರು. ಪರವಾನಗಿ ಬೇಕಾದವರು ಸಂಶೋಧನೆಯನ್ನೂ ನಾರ್ವೆಯಲ್ಲೇ ಮಾಡಿ, ತಂತ್ರಜ್ಞಾನ ಕಲಿಸಿಕೊಡಿ ಎಂದು ಪಟ್ಟುಹಿಡಿದರು. ಫಲ ಕಣ್ಣೆದುರಿಗಿದೆ: 2009ರಲ್ಲಿ ರಿಲಯನ್ಸ್ ಕೃಷ್ಣಾ-ಗೋದಾವರಿ ಕೊಳ್ಳದ ಡಿ6ರಿಂದ ಅನಿಲ ತೆಗೆದಾಗ ಕಡಲತಳದ ಯಂತ್ರೋಪಕರಣ ಒದಗಿಸಿದ್ದು ನಾರ್ವೆಯ ಆಕರ್.

ನಮ್ಮಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಎಲ್ ಆ್ಯಂಡ್ ಟಿ ಸೌದಿ, ಕತಾರ್‌ಗಳ ಕಡಲಿಗೂ ಪ್ಲಾಟ್‌ಫಾರ್ಮ್ ಕಟ್ಟಿಕೊಡುತ್ತದೆ. ಆದರೆ ನೀರಿನ ಮೇಲಿನದ್ದು ನಮ್ಮದಾದರೂ ತಳದ ಬಾವಿಗೆ ಕೂರಿಸುವ ‘ಕ್ರಿಸ್ಮಸ್ ಟ್ರೀ’ ಎಂಬ ಕವಾಟಗಳ ಗೊಂಚಲು, ಅದನ್ನು ದೂರದಿಂದ ಆಡಿಸುವ ನಿಯಂತ್ರಣ ವ್ಯವಸ್ಥೆಗೆ ಈಗಲೂ ಹೆಚ್ಚಾಗಿ ಹೊರಗಿನವರ ಕಡೆಗೇ ನೋಡುತ್ತೇವೆ. ಅರ್ಧ ಶತಮಾನ ದುಡಿದ ಬಾಂಬೆ ಹೈಯ ಇಳುವರಿ ಹೆಚ್ಚಿಸಲು 2025ರ ಜನವರಿಯಲ್ಲಿ ಓಎನ್‌ಜಿಸಿ ಹತ್ತು ವರ್ಷದ ಮಟ್ಟಿಗೆ ಆರಿಸಿಕೊಂಡದ್ದು ಬ್ರಿಟನ್ನಿನ ಬಿಪಿಯನ್ನು.

ನೆರವು ಪಡೆಯುವುದು ತಪ್ಪಲ್ಲ, ನಾರ್ವೆಯೂ ಪಡೆದಿತ್ತು. ಆದರೆ ಅದು ಕಲಿಕೆಯನ್ನು ಕರಾರಿನಲ್ಲೇ ಬರೆಸಿಕೊಂಡಿತು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಡಲ ಕಟ್ಟೋಣಗಳ ಸ್ನಾತಕೋತ್ತರ ಪಾಠ ನಡೆಯುತ್ತದೆ. ಪನ್ವೇಲ್‌ನ ಐಇಒಟಿಯಲ್ಲಿ ನಾಲ್ಕು ದಶಕಗಳ ಅನುಭವವಿದೆ. ಮುಂದಿನ ಪ್ರತಿ ವಿದೇಶಿ ಗುತ್ತಿಗೆಯಲ್ಲೂ ಸಂಶೋಧನೆಯ ಒಂದು ಪಾಲು ಇಂಥ ಕಡೆ ನಡೆಯಬೇಕೆಂಬ ಷರತ್ತನ್ನು ಕೇಂದ್ರ ಸರ್ಕಾರ ಹಾಕಬೇಕು. ಬಾಂಬೆ ಹೈಯ ಎಣ್ಣೆ ಒಂದಲ್ಲ ಒಂದು ದಿನ ಮುಗಿಯುವಂಥದ್ದೇ. ಅಷ್ಟರೊಳಗೆ ವಿದ್ಯೆಯನ್ನು ನಮ್ಮದಾಗಿಸಿಕೊಳ್ಳದಿದ್ದರೆ ಆ ನಷ್ಟಕ್ಕೆ ಹೊಣೆ ನಾವೇ.